ಗಂಟೆ ಪುಸ್ತಕ

ಮರ್ರೆ ನದಿ ಮೊಣಕೈ ಮಡಚಿಕೊಂಡ ಕಡೆ
ಹಡಗಿನಿಂದ ಇಳಿದೆವು, ಮೂವತ್ತೊಂದು ಮನೆ, ಒಂದೇ ಒಲೆ.
ಮನೆಯೆಂದರೆ ಡೇರೆ. ಒಲೆಯೆಂದರೆ ಮೂರು ಕಲ್ಲು.
ನನಗೆ ಅಕ್ಷರ ಬರುತ್ತಿತ್ತು, ಬೆನ್ನು ಬಗ್ಗುತ್ತಿರಲಿಲ್ಲ.
ಗಂಟೆ ಪುಸ್ತಕ ನನ್ನ ಪಾಲಿಗೆ ಬಂತು.

ಕಾಲುವೆ ತೋಡಿದವನಿಗೆ ಗಂಟೆಗೊಂದು ಗೆರೆ,
ರೊಟ್ಟಿ ಸುಟ್ಟವಳಿಗೂ ಗಂಟೆಗೊಂದು ಗೆರೆ,
ಪಾಠ ಹೇಳಿದವನಿಗೆ, ಪಾಯಿಖಾನೆ ತೊಳೆದವನಿಗೆ
ಅದೇ ಗೆರೆ, ಅದೇ ಉದ್ದ.
'ಹೆರುವವಳಿಗೆ?'
ಲವ್‌ಡೇ ಪಾಸ್ಕೋ ಹಾಸಿಗೆಯಿಂದಲೇ ಕೂಗಿ ಕೇಳಿದಳು.
ದೀಪದ ಎಣ್ಣೆ ತೀರುವವರೆಗೆ ಸಭೆ ಜಗಳವಾಡಿತು.
ಹತ್ತೊಂಬತ್ತು ಗೆರೆ ಎಳೆದೆ.
ಮಗುವಿಗೆ ಜೇಗೋ ಎಂದು ಹೆಸರಿಟ್ಟರು.

ನದಿ ಕೆಳಗೆ, ಹೊಲ ಮೇಲೆ;
ನಡುವೆ ಅಡಿಲೇಡಿನ ಹಳೆ ಪಂಪು.
ಮರಳು ತಿಂದು ತಿಂದು ಅದರ ಹಲ್ಲು ಸವೆದು
ಮೂರನೆಯ ಬೇಸಿಗೆಗೆ ನಿಂತೇಹೋಯಿತು.
ಏಪ್ರಿಕಾಟ್ ಸಸಿಗಳು ಎಲೆ ಮಡಚಿ ನಮ್ಮನ್ನೇ ನೋಡಿದವು.

ಮಣ್ಣಿನ ಹದ ಅಂಗಾಲಿಗೆ ಗೊತ್ತು,
ಹಿಟ್ಟಿನ ಹದ ಹೆಬ್ಬೆರಳಿಗೆ,
ಕಬ್ಬಿಣದ ಹದ ಮಾತ್ರ ಕಣ್ಣಿಗೆ.
ತಾಮ್ರದ ಗಣಿಯಲ್ಲಿ ಒಂದನ್ನು ಬಿಟ್ಟುಬಂದಿದ್ದ
ಜೇಬೆಜ್ ಟ್ರೆಂಬಾತನಿಗೆ ಉಳಿದದ್ದು ಒಂದೇ. ಸಾಕಾಯಿತು.
ಮುರಿದ ನೇಗಿಲು, ಬಾಣಲೆ, ಯಾರದೋ ಅಜ್ಜಿಯ ಇಸ್ತ್ರಿಪೆಟ್ಟಿಗೆ
ಎಲ್ಲ ಕರಗಿಸಿ ಹೊಸ ಚಕ್ರ ಎರೆದ.
ನೀರು ಹತ್ತಿತು.
ಆ ರಾತ್ರಿ ಕಾಲುವೆಯಲ್ಲಿ ಬಟ್ಟೆ ಸಮೇತ ಮಲಗಿದ್ದೇವೆ,
ಮದುವೆಯಾಗದ ನಾನೂ.

ಮೇಲ್ದಂಡೆಯವರು ಅಂಥದ್ದೇ ಒಂದು ಕೇಳಿದರು.
ಕುರಿಸಾಹುಕಾರ ನಾಲ್ಕು ಕೇಳಿದ,
ಮುಂಗಡವನ್ನೂ ಕೊಟ್ಟ.
ಮೂರು ಸುಗ್ಗಿಯ ಹಣ್ಣಿಗೆ ಬಾರದ್ದು
ನಾಲ್ಕು ಚಕ್ರಕ್ಕೆ ಬಂತು.
ಸೀಮೆಎಣ್ಣೆ ಬಂತು, ಕ್ವಿನೈನ್ ಬಂತು,
ಮಕ್ಕಳ ಕಾಲಿಗೆ ಬೂಟು ಬಂತು.
ಬೇಡ ಅಂದವರು ಯಾರು? ನಾನಂತೂ ಅಲ್ಲ.

ಕೈ ಕೆಸರಾದರೆ ಬಾಯಿ ಮೊಸರು, ಸರಿ.
ಕೈ ಮಸಿಯಾದರೆ ಬಾಯಿಗೆ ಇನ್ನೂ ಗಟ್ಟಿ ಮೊಸರು,
ಪೇಟೆಯ ಡಬ್ಬಿಯಲ್ಲಿ.

ಆಮೇಲೆ ಒಂದು ಮಂಗಳವಾರ
ಎರಕದವರು ಟೋಪಿ ಕೈಯಲ್ಲಿ ಹಿಡಿದು ಸಭೆಗೆ ಬಂದರು.
'ನಮ್ಮದು ಬೆಂಕಿಯ ಕೆಲಸ. ಗಂಟೆಗೆ ಒಂದೂಕಾಲು ಬೇಕು.'
ಕೇಳಿದ್ದು ಹೆಚ್ಚೇನಲ್ಲ. ತೋಳು ಚಾಚಿ ತೋರಿಸಿದರು,
ಸುಟ್ಟ ಕಲೆಗಳಿಗೆ ಯಾರು ಎದುರಾಡಬೇಕು?
ಕೈ ಎತ್ತಿದವರು ನಲವತ್ತು, ಎತ್ತದವರು ಹನ್ನೊಂದು.
ನಾನು ಪೆನ್ಸಿಲು ಹಿಡಿದು ಕೂತೇ ಇದ್ದೆ:
ಕಾಲುಗೆರೆಯನ್ನು ಎಳೆಯುವುದು ಹೇಗೆ?

ಎಳೆಯಲು ಕಲಿತೆ.
ಆಮೇಲೆ ಅರ್ಧಗೆರೆಯನ್ನೂ, ಇಮ್ಮಡಿಯನ್ನೂ.
ಕೆಂಪು ನೀಲಗಿರಿ ಮರಕ್ಕೆ ತೂಗುತ್ತಿದ್ದ ಗಂಟೆ,
ಊಟಕ್ಕೂ ಸಾವಿಗೂ ಬಾರಿಸುತ್ತಿದ್ದದ್ದು,
ಕುಲುಮೆಗೆ ಹೋಯಿತು; ಒಳ್ಳೆಯ ಕಂಚು, ಬೇರಿಂಗಿಗೆ ಆಗುತ್ತದೆ.
ಈಗ ಸೈರನ್ನು.
ಗೇಟಿನ ಬಳಿ ಗೋಡೆಗಡಿಯಾರವೊಂದು
ಬಂದವರ ಚೀಟಿ ಕಚ್ಚಿ ಕಚ್ಚಿ ಕೊಡುತ್ತದೆ.
ಅದಕ್ಕೆ ಬೆನ್ನು ನೋವಿಲ್ಲ, ಅಕ್ಷರವೂ ಬೇಕಿಲ್ಲ.

ಸಾಲುಮನೆಗಳು, ಮನೆಗೊಂದು ಒಲೆ.
ನನ್ನದು ಹಸಿರು ಎನಾಮೆಲ್ಲಿನದು. ಸುಳ್ಳೇಕೆ,
ಮೊದಲ ದಿನ ಬಾಗಿಲು ಹಾಕಿ
ಒಬ್ಬಳೇ ಬೇಯಿಸಿ ಒಬ್ಬಳೇ ತಿಂದೆ. ರುಚಿಯಾಗಿತ್ತು.

ಹೊರಗೆ ಕಳಿಸುವ ಮುನ್ನ ಪ್ರತಿ ಪಂಪನ್ನೂ
ದಂಡೆಯ ಮೇಲಿಟ್ಟು ಒಂದು ಗಂಟೆ ಓಡಿಸುತ್ತಾರೆ.
ನದಿಯನ್ನೆತ್ತಿ ತೊಟ್ಟಿಗೆ, ತೊಟ್ಟಿಯಿಂದ ನದಿಗೆ.
ದಿನಕ್ಕೆ ಇಪ್ಪತ್ತು ಪಂಪು.
ಮೂವತ್ತು ಹೆಜ್ಜೆ ಆಚೆ ಏಪ್ರಿಕಾಟ್ ಬೊಡ್ಡೆಗಳು,
ಕಲ್ಲಿದ್ದಲ ರಾಶಿಯ ಅಂಚಿಗೆ.
ಒಂದು ಬೊಡ್ಡೆ ಈ ಸಲವೂ ಚಿಗುರಿತು. ಸದ್ದಿಗೋ ಏನೋ.

ನಿನ್ನೆ ಜೇಗೋ ಬಂದಿದ್ದ. ಈಗ ಎರಕದ ಮೇಸ್ತ್ರಿ,
ಹುಬ್ಬಿಲ್ಲದ ಮುಖ.
'ಒಟೀಲಿ ಅತ್ತೆ, ಆ ಹಳೇ ಪುಸ್ತಕ ಇದೆಯಾ?'
ಅವನು ಹುಟ್ಟಿದ ಪುಟ ತೆರೆದೆ.
ಬೆರಳಿಟ್ಟು ಎಣಿಸಿದ. ಮತ್ತೊಮ್ಮೆ ಎಣಿಸಿದ.
'ಅಮ್ಮನಿಗೆ ಒಂದೂಕಾಲು ಕೊಡಬೇಕಿತ್ತು,' ಅಂದ,
'ಅದೂ ಬೆಂಕಿಯ ಕೆಲಸವೇ.'

ಲವ್‌ಡೇ ಹೋಗಿ ಆರು ವರ್ಷ.
ಅವನು ಹೋದಮೇಲೆ ಪೆನ್ಸಿಲು ಹುಡುಕಿದೆ, ಮೊನೆ ಮಾಡಿದೆ.
ಹತ್ತೊಂಬತ್ತರ ಕಾಲು ನಾಲ್ಕೂಮುಕ್ಕಾಲು.
ಅಂಚಿನಲ್ಲಿ ಜಾಗವಿತ್ತು.