ಹಸಿರು ರಸೀದಿ

ಹಸಿರು ರಸೀದಿ ಎಂದೇ ಈಗಲೂ ಹೆಸರು,
ಹಸಿರು ಪುಸ್ತಕ ಹೋಗಿ ಎಷ್ಟೋ ವರ್ಷವಾಯಿತು.
ಪರದೆಯ ಮೇಲೊಂದು ಬಿಳಿ ಚೌಕ,
ಅದರಲ್ಲಿ ತುಂಬುತ್ತೇನೆ:
ಒಡಿಲಿಯಾ ಸೆರ್ಕೇರಾ, ಪೋರ್ತೊ ಪಟ್ಟಣ,
ಹಳೆಯ ಗೋಡೆಬಿಲ್ಲೆಗಳ ದುರಸ್ತಿ,
ಎರಡು ಸಾವಿರದ ನಾನೂರು ಯೂರೊ.

ಬರೆದ ಒಂದು ಗಳಿಗೆ ನಾನು ಸಾಹುಕಾರ್ತಿ.
ನದಿ ದಂಡೆಯ ಹೋಟೆಲಿನವರು
ಮೆಟ್ಟಿಲ ಗೋಡೆಯ ನೂರಾ ಎಂಬತ್ತು ನೀಲಿ ಬಿಲ್ಲೆ ಒಪ್ಪಿಸಿದ್ದಾರೆ:
ದೋಣಿಗಳು, ಒಂದು ಬೇಟೆನಾಯಿ,
ಮೂಗು ಉದುರಿದ ಒಬ್ಬ ಬಿಷಪ್ಪು.

ಆಮೇಲೆ ಕೆಳಗಿನ ಸಾಲು.
ನೂರಕ್ಕೆ ಇಪ್ಪತ್ತಮೂರು ಹೋಟೆಲಿನವರೇ ಹಿಡಿದು
ಸರ್ಕಾರಕ್ಕೆ ಕಟ್ಟುತ್ತಾರೆ. ಐನೂರ ಐವತ್ತೆರಡು.
ಅದು ನನ್ನ ಕೈ ಸೋಕುವುದೇ ಇಲ್ಲ,
ಹಾಗಾಗಿ ದುಃಖವೂ ಅಷ್ಟಿಲ್ಲ,
ಮುಖ ಕಾಣದ ನೆಂಟರ ಸಾವಿನ ಹಾಗೆ.

ಮಿಕ್ಕಿದ್ದರಲ್ಲಿ ಸಾಮಾಜಿಕ ಭದ್ರತೆಗೆ
ಮುನ್ನೂರ ಅರವತ್ತು, ಹತ್ತಿರ ಹತ್ತಿರ.
ಮುಪ್ಪಿಗೆ, ಜ್ವರಕ್ಕೆ, ಏಣಿಯಿಂದ ಬಿದ್ದರೆ ಎಂದು.
ಇದು ಮಾತ್ರ ನನ್ನ ಕೈಯಾರೆ ಹೋಗಬೇಕು,
ಇದೇ ನೋಯುವುದು.

ಕೆಳಮನೆಯ ಝುಲ್ಮೀರಾ ಟ್ರಾಮ್ ಓಡಿಸುತ್ತಾಳೆ.
ಅವಳ ಸಂಬಳ ತಿಂಗಳ ಕೊನೆಗೆ ಬರುವುದು
ಹೆರೆದು, ತೊಳೆದು, ಮುಳ್ಳು ತೆಗೆದ ಮೀನಿನಂತೆ.
ನನಗೆ ಇಡೀ ಮೀನು, ಅದೂ ಬಂದರೆ.
ಮುಳ್ಳು ಎಲ್ಲೆಲ್ಲಿ ಎಂದು
ನುಂಗುವಾಗಲೇ ತಿಳಿಯಬೇಕು.

ಹೋದ ವಸಂತದಲ್ಲಿ ಮೂರು ಮನೆಗಳ ಕೆಲಸ.
ಮನೆಯವರು ಏನನ್ನೂ ಹಿಡಿಯುವುದಿಲ್ಲ, ಪೂರ್ತಿ ಕೊಡುತ್ತಾರೆ.
ಬಂದದ್ದೆಲ್ಲ ನನ್ನದೆಂದು ಕುಲುಮೆ ಕೊಂಡೆ.
ಆಗಸ್ಟಿನಲ್ಲಿ ಪತ್ರ.
ಆ ತಿಂಗಳು ಕುಲುಮೆಯಲ್ಲೇ ರೊಟ್ಟಿ ಬೇಯಿಸಿದೆನೆಂದು
ಝುಲ್ಮೀರಾ ಟ್ರಾಮಿನ ತುಂಬಾ ಹೇಳಿಕೊಂಡು ನಗುತ್ತಾಳೆ.
ಸುಳ್ಳು.
ಒಮ್ಮೆ ಮಾತ್ರ.

ಇನ್ನೊಂದು ಲೆಕ್ಕವಿದೆ, ಅದು ತಮಾಷೆ.
ಗಳಿಸಿದ್ದರಲ್ಲಿ ಮುಕ್ಕಾಲನ್ನೇ ಆದಾಯ ಅನ್ನುತ್ತಾರೆ,
ಉಳಿದ ಕಾಲು ಖರ್ಚಾಗಿರಬೇಕು ಎಂದು ಅವರೇ ಊಹಿಸಿಕೊಂಡು.
ನನ್ನನ್ನು ಕಾಣದವರು ನನ್ನ ಕಾಲನ್ನು ಹೇಗೆ ಅಳೆದರು?
ಸುಣ್ಣ, ಕೋಬಾಲ್ಟು, ಅಳಿಲುಕೂದಲ ಕುಂಚ,
ಮೊಣಕಾಲಿಗೆ ತಿಕ್ಕುವ ಮುಲಾಮು...
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಸರಿಯೇ.
ಇಲ್ಲಿ ಕಾಲು ಮೊದಲೇ ಗೊತ್ತು ಮಾಡಿಟ್ಟಿದ್ದಾರೆ,
ಹಾಸಿಗೆ ಹುಡುಕುವುದು ನನ್ನ ಪಾಡು.

ಸಾವಿರದ ನಾನೂರ ಎಂಬತ್ತೆಂಟರಿಂದ
ಕೆಲಸದ ಕೋಣೆಯ ಬಾಡಿಗೆ ಮುನ್ನೂರ ಹತ್ತು ಕಳೆ,
ಸಾಮಾನು ನೂರ ನಲವತ್ತೈದು ಕಳೆ.
ಸಾವಿರದ ಮೂವತ್ತಮೂರು.
ಪೆನ್ಸಿಲಿನಲ್ಲಿ ಬರೆದು, ಅಡಿಗೆರೆ ಎಳೆದು,
ಮತ್ತೆ ಗೆರೆ ಅಳಿಸುತ್ತೇನೆ.
ಹೋಟೆಲಿನವರು ಕೊಡುವುದು ತೊಂಬತ್ತು ದಿನದ ಮೇಲೆ.

ಕೋಣೆಯಲ್ಲಿ ಹನ್ನೆರಡು ಬೋಗುಣಿ,
ಬಿಲ್ಲೆಗಳು ನೀರಲ್ಲಿ ಮುಳುಗಿ ಕೂತಿವೆ.
ನೂರು ವರ್ಷದ ಕಡಲ ಗಾಳಿ ಗೋಡೆಯೊಳಗೆ ನುಗ್ಗಿ
ಇವುಗಳ ಬೆನ್ನಿಗೆ ಉಪ್ಪು ತಿನ್ನಿಸಿದೆ.
ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು,
ಮಣ್ಣಿಗೂ ವಿನಾಯಿತಿ ಇಲ್ಲ.
ದಿನಾ ನೀರು ಬದಲಿಸಿ, ಮೀಟರು ಅದ್ದಿ,
ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಗುರುತಿಡುತ್ತೇನೆ.
ಎಷ್ಟು ದಿನ, ಡೋನಾ ಒಡಿಲಿಯಾ? ಮ್ಯಾನೇಜರ ಫೋನು.
ಹದಿನಾಲ್ಕು ಅನ್ನುತ್ತೇನೆ. ಇಪ್ಪತ್ತೊಂದಾದೀತು.

ಬಿಷಪ್ಪನ ಮೂಗು ಹೇಗಿತ್ತೆಂದು
ಬಲ್ಲವರು ಯಾರೂ ಬದುಕಿಲ್ಲ.
ಕೆನ್ನೆಯ ಗೆರೆ ಹಿಡಿದು, ಗಲ್ಲ ನೋಡಿ,
ಅಂದಾಜಿಗೆ ಒಂದು ಬರೆಯುತ್ತೇನೆ, ತುಸು ತೆಳು ನೀಲಿಯಲ್ಲಿ,
ಇದು ಊಹೆ ಎಂದು ಹತ್ತಿರ ಬಂದವರಿಗೆ ತಿಳಿಯಲೆಂದು.
ಸರ್ಕಾರವೂ ನನ್ನನ್ನು ಹೀಗೇ ಬರೆಯುತ್ತದೋ ಏನೋ.
ಮೂಗು ಸ್ವಲ್ಪ ಉದ್ದವಾಯಿತು.
ಇರಲಿ.