ಬೇಕೆಂದೇ ತಪ್ಪು

ಯೆಯ್ಯಾಡಿ, ಎರಡನೇ ಮಹಡಿ. ಎಸಿ ಹತ್ತೊಂಬತ್ತರಲ್ಲಿ.
ಹೊರಗೆ ಮೀನಿನ ಲಾರಿ
ನೀರು ಸುರಿಸುತ್ತ ಏರು ಹತ್ತುತ್ತಿದೆ.
ಪರದೆಯ ಮೇಲೆ ನನ್ನ ಕನ್ನಡಿ,
ಇನ್ನೂ ಹುಟ್ಟದ್ದು,
ಎಂಟು ಲಕ್ಷ ಚೂರಾಗಿ ಕೂತಿದೆ.

ಒಡೆಯದೆ ಲೆಕ್ಕ ಸಿಗುವುದಿಲ್ಲ.
ಕಾಲೂರಿದ ಮೂರು ಜಾಗದಲ್ಲಿ ಸಣ್ಣ ಕಣ್ಣಿನ ಬಲೆ,
ನಡುಬಯಲಲ್ಲಿ ದೊಡ್ಡ ಕಣ್ಣು —
ಬೂತಾಯಿಗೊಂದು, ಅಂಜಲಿಗೊಂದು ಇದ್ದ ಹಾಗೆ.

ಸಂಜೆ ಐದಕ್ಕೆ ಉತ್ತರ ಬಂತು.
ತನ್ನ ಭಾರಕ್ಕೆ ತಾನೇ ಬಾಗುತ್ತದೆ ಕನ್ನಡಿ,
ನಲವತ್ತೊಂದು ನ್ಯಾನೊಮೀಟರ್:
ಕೂದಲೆಳೆಯ ಎರಡು ಸಾವಿರದ ಒಂದು ಪಾಲು.
ಪರದೆ ಅದನ್ನೇ ಹತ್ತು ಲಕ್ಷ ಪಟ್ಟು ಹಿಗ್ಗಿಸಿ
ಹಳೆ ಹಗ್ಗದ ಮಂಚದಂತೆ ಜೋಲಿಸಿ ತೋರಿಸಿತು.

ಮೇಲೆ, ಐನೂರು ಕಿಲೋಮೀಟರಿನಾಚೆ,
ಭಾರವೆಂಬುದಿಲ್ಲ.
ಇಲ್ಲಿ ಸರಿಯಾಗಿ ಉಜ್ಜಿದ್ದು
ಅಲ್ಲಿ ತಪ್ಪಾಗಿ ಏಳುತ್ತದೆ.

ಜೆಪ್ಪುವಿನಲ್ಲಿ ನನ್ನ ಬಾಡಿಗೆ ಕೋಣೆಯ ಗ್ಲಾಡಿಸ್ ಬಾಯಿ
ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತವರು,
ಇಪ್ಪತ್ತಾರು ವರ್ಷ.
ಬಂಗುಡೆ ತೊಳೆಯುತ್ತ ಕೇಳಿದರು, ಮುಖ ಎಂತ ಹಾಗೆ?
ಹೇಳಿದೆ, ಅರ್ಧ ಮಾತು, ಅರ್ಧ ಕೈಸನ್ನೆ.

"ಅದಕ್ಕೆಂತ ಮಂಡೆಬಿಸಿ?
ಭಟ್ಟಿಗೆ ಹೋದ ಹಂಚು ಕುಗ್ಗುವುದೇ ಅಲ್ವಾ,
ಅಚ್ಚು ಮೊದಲೇ ದೊಡ್ಡದು ಮಾಡುವುದು.
ಹಸಿಯಲ್ಲಿ ಸರಿ ಇದ್ದದ್ದು
ಮಾಡಿನ ಮೇಲೆ ಸರಿ ಕೂರ್ಲಿಕ್ಕಿಲ್ಲ."
ಕಿವಿರು ಕಿತ್ತು ಬೆಕ್ಕಿಗೆ ಎಸೆದರು.

ಅದು ನನಗೆ ಗೊತ್ತಿತ್ತು. ಪುಸ್ತಕದಲ್ಲೂ ಉಂಟು.
ಪುಸ್ತಕದಲ್ಲಿ ಇಲ್ಲದ್ದು ಬೇರೆ:
ಅವರು ಭಟ್ಟಿಯ ಬಾಗಿಲು ತೆಗೆದು ಎಣಿಸುತ್ತಿದ್ದರು,
ನೂರಕ್ಕೆ ಆರು ಸೊಟ್ಟ.
ಸೊಟ್ಟದ್ದು ಯಾರದೋ ಹಿತ್ತಿಲ ಕಟ್ಟೆಗೆ.
ನನ್ನದು ಒಂದೇ ಹಂಚು.
ಅದರ ಭಟ್ಟಿಯ ಬಾಗಿಲು ತೆರೆಯುವಾಗ
ನೋಡಲು ನಾನಲ್ಲಿರುವುದಿಲ್ಲ,
ಎತ್ತಿಡಲು ಹಿತ್ತಿಲೂ ಇಲ್ಲ.

"ಹೆದರಿಕೆ ಆಗ್ತಿರಲಿಲ್ವಾ ನಿಮಗೆ?"
"ಎಂತಕ್ಕೆ? ಕೂಲಿ ದಿನಕ್ಕೆ, ಹಂಚಿಗಲ್ಲ."

ಮರುದಿನ ನಲವತ್ತೊಂದರ ಚಿಹ್ನೆ ತಿರುಗಿಸಿ
ಉಜ್ಜುವವರಿಗೆ ನಕ್ಷೆ ಬರೆದೆ.
ಪರಿಶೀಲನೆಗೆ ಕೂತ ಕಕ್ಕಿಲ್ಲಾಯರು
ಕನ್ನಡಕ ಹಣೆಗೇರಿಸಿ ಪರದೆಗೆ ಬಾಗಿದರು:
ಇದು ತಪ್ಪಿದೆಯಲ್ಲ?

ಹೌದು ಸರ್.
ಇನ್ನೂ ಸ್ವಲ್ಪ ತಪ್ಪಬೇಕು.
ಅಂಟು ಒಣಗುವಾಗ ಎಳೆಯುವುದನ್ನು
ಇನ್ನೂ ಸೇರಿಸಿಲ್ಲ.