ಯಾರ್ದಪ್ಪ ನೀನು

ಮೊದಲ ಸಲ ಗಾಜಿಗೆ ಅಂಟಿಸಿದೆವು,
ರಬ್ಬರ್ ಬಟ್ಟಲಿಗೆ ಎಂಜಲು ಸವರಿ, ಒತ್ತಿ ಹಿಡಿದು, ಹತ್ತು ಎಣಿಸಿ.
ಗುತ್ತಲು ರಸ್ತೆಯ ಮೊದಲ ಉಬ್ಬಿಗೇ ಕಳಚಿ
ನನ್ನ ತೊಡೆಗೆ ಬಿತ್ತು,
ಬೆಂಕಿಪೊಟ್ಟಣದಷ್ಟು ಕ್ಯಾಮೆರಾ, ಹೆದರಿದ ಕೋಳಿಮರಿ.
ಎರಡನೇ ಸಲ ಬಾನೆಟ್ಟಿನ ಮೇಲೆ.
ಮನೆಗೆ ಬಂದು ನೋಡಿದರೆ
ಎರಡು ಗಂಟೆ ಹೊತ್ತು ನಡುಗುವ ತಗಡು, ಅದರಾಚೆ
ಕಲಕಿದ ಅಂಬಲಿಯ ಹಾಗೆ ಇಡೀ ಮಂಡ್ಯ.

"ಜೀಪಲ್ಲ ಅಣ್ಣ ನಡುಗೋದು, ನಿಮ್ ಬೋಲ್ಟು" ಎಂದ ನೂರುಲ್ಲಾ.
ಶೆಡ್ಡಿನ ಮೂಲೆ ಕೆದಕಿ
ಆಲೆಮನೆಯ ಗಾಣದಿಂದ ಬಂದ ಕಬ್ಬಿಣದ ಪಟ್ಟಿಯೊಂದನ್ನು ಎಳೆದ.
ಅಂಚಿನಲ್ಲಿ ಇನ್ನೂ ಬೆಲ್ಲದ ಕಪ್ಪು ಹತ್ತಿತ್ತು.
ವೆಲ್ಡಿಂಗ್ ಕಿಡಿ ತಾಗಿದ್ದೇ
ಶೆಡ್ಡೆಲ್ಲ ಸೀದ ಪಾಕದ ವಾಸನೆ.
ಕಾಲಿಂಚು ತೂತು. ನಲ್ಲಿಯ ವಾಷರು.
ನಡುವೆ ಹಳೇ ಸೈಕಲ್ ಟ್ಯೂಬಿನ ತುಂಡು:
"ನಡುಕ ಇದು ನುಂಗುತ್ತೆ."
ಎಲ್ಲಿಗೆ ಬಿಗೀಲಿ ಅಂದ.
ಎಷ್ಟಾಗುತ್ತೋ ಅಷ್ಟು ಕೆಳಗೆ, ಅಂದ ಚಲುವರಾಜು,
ಮುಂದಿನ ಚಕ್ರ ಕಾಣೋ ಹಾಗೆ,
ಕೆಸರು ಎದ್ದು ಬಂದು
ನೋಡೋರ ಮುಖಕ್ಕೇ ರಾಚಬೇಕು.

ಇನ್ನೊಂದು ಮಾತನ್ನೂ ಹೇಳಿದ್ದ ನೂರುಲ್ಲಾ:
"ಒಂದು ದಾರ ಕಟ್ಕೊಳ್ಳಿ. ಬಿದ್ರೂ ನೇತಾಡ್ಲಿ."
ದಾರ ಮರೆತೆವು.

ಭಾನುವಾರ. ಚಿನಕುರಳಿ ದಾಟಿ
ಪಾಳುಬಿದ್ದ ಕಲ್ಲುಕೋರೆ ಹತ್ತಿ ಇಳಿದು, ನಾಲೆಯ ಬದಿಗೆ.
ನಾಲ್ಕು ಚಕ್ರಕ್ಕೂ ಜೀವ ಬಂದು ಜೀಪು ಎಡಕ್ಕೆ ವಾಲಿದಾಗ
ನಾನು ಬಲಗಡೆಯ ಕಂಬಿಗೆ ಜೋತುಬಿದ್ದೆ.
ಚಲುವರಾಜು ಕಾರಣವಿಲ್ಲದೆ ನನ್ನ ಮಾವನನ್ನು ಬೈದ.
ನೀರು ಸೀಳಿತು, ಕಬ್ಬಿನ ಗರಿ ಕೆನ್ನೆ ಕೊಯ್ದವು,
ಕೇಕೆ ಹಾಕಿದೆವು. ಇಬ್ಬರಿಗೂ ನಲವತ್ತು ದಾಟಿದೆ.

ಪಾಂಡವಪುರ ಸ್ಟೇಷನ್ನಿನ ಎದುರು, ಕೈಯಲ್ಲಿ ಟೀ ಹಿಡಿದು
ಬಗ್ಗಿ ನೋಡಿದರೆ
ಪಟ್ಟಿ ಇದೆ, ಟ್ಯೂಬ್ ಇದೆ, ವಾಷರ್ ಇದೆ.
ಗಾಣದ ಕಬ್ಬಿಣ ಮಿಸುಕಿರಲಿಲ್ಲ.
ಬಿಟ್ಟುಕೊಟ್ಟಿದ್ದು ನಮ್ಮ ಬೋಲ್ಟು.

ಹೊತ್ತು ಇಳಿಯುವಾಗ ಸಿಕ್ಕಿತು,
ತೂಬಿನ ಕಲ್ಲಿನ ಮೇಲೆ, ಒರೆಸಿ ಇಟ್ಟ ಹಾಗೆ.
ಸುತ್ತ ಯಾರೂ ಇರಲಿಲ್ಲ.

ರಾತ್ರಿ ನೋಡಿದೆವು.
ಚಕ್ರ, ಕೆಸರು, ಚಕ್ರ, ಧಡಕ್,
ಆಮೇಲೆ ತಲೆಕೆಳಗಾದ ಕಬ್ಬು, ಅದರ ಬುಡದಲ್ಲಿ ಆಕಾಶ.
ನಮ್ಮ ಕೇಕೆ ದೂರವಾಗುತ್ತ ಹೋಯಿತು.
ಹೊರಗಿನಿಂದ ನಾವು ಹೀಗೆ ಕೇಳಿಸುತ್ತೇವೆಂದು
ಯಾರೂ ಹೇಳಿರಲಿಲ್ಲ ನಮಗೆ.
ಸದ್ದು ಅಡಗಿತು. ಒಂದು ಕಪ್ಪೆ.
ಗಾಜಿನ ಮೇಲೆ ಇರುವೆಯೊಂದು
ಆನೆಯಷ್ಟಾಗಿ ನಡೆದು ಹೋಯಿತು.

ಆಮೇಲೆ ಒಂದು ಕೈ. ಬಿಳಿ ಕುರುಚಲು ಗಡ್ಡ.
ನೀರುಗಂಟಿ ಇರಬೇಕು, ಹೆಗಲ ಮೇಲೆ ಸನಿಕೆ.
ಟವೆಲಿನ ತುದಿಯಿಂದ ನಮ್ಮ ಮುಖ ಒರೆಸಿದ,
ಒಂದೇ ಕಣ್ಣು ಹತ್ತಿರ ತಂದ,
"ಯಾರ್ದಪ್ಪ ನೀನು?" ಅಂದ.

ಚಲುವರಾಜು ನಗಲು ಬಾಯಿ ತೆರೆದು ಹಾಗೇ ಮುಚ್ಚಿದ.

ಉತ್ತರಕ್ಕೆ ಸ್ವಲ್ಪ ಕಾದ ಆತ.
"ಬದ ಒಡ್ದವ್ರೆ ನೋಡು" ಅಂತ
ನಮಗೇ ದೂರು ಕೊಟ್ಟ. ಕಲ್ಲಿನ ಮೇಲಿಟ್ಟು ಇಳಿದ.
ಚೌಕಟ್ಟಿನ ಎಡ ಮೂಲೆಯಲ್ಲಿ ಅರ್ಧ ಬೆನ್ನು,
ಏಳುವ ಸನಿಕೆ, ಬೀಳುವ ಸನಿಕೆ.
ನಮ್ಮ ಟೈರಿನ ಗುರುತಿನಲ್ಲಿ ಯಾರದೋ ಗದ್ದೆಯ ನೀರು
ದಿಕ್ಕುಗೆಟ್ಟು ಹರಿಯುತ್ತಿತ್ತು. ಒಂದೊಂದೇ ಹೆಂಟೆ ಇಟ್ಟು
ಬರಿಗಾಲಲ್ಲಿ ತುಳಿದ, ಇಟ್ಟ, ತುಳಿದ.
ನೀರು ಒಮ್ಮೆ ತಡವರಿಸಿ
ತನ್ನ ಕಾಲುವೆಗೆ ತಿರುಗಿತು.
ಆತ ಕಾಲು ತೊಳೆಯುವಾಗ ಬ್ಯಾಟರಿ ಮುಗಿಯಿತು.

ಬೆಳಿಗ್ಗೆ ನೂರುಲ್ಲಾನ ಫೋನು:
"ಏನಣ್ಣ, ನಡುಕ ನಿಂತಿತಾ?"
ನಿಂತಿತ್ತು ಕಣಯ್ಯ, ಅಂದೆ.
ಮೂವತ್ತೊಂದು ನಿಮಿಷ.